ಕ್ಯೂ ಕೋಡಿನ ಕಾಮೆಂಟಿನಲ್ಲಿ ಯೂನಿಟ್ ಇರಲಿ
ನೆಟ್‌ವರ್ಕ್ ಕ್ಯೂ, ಅಂದರೆ ಪ್ಯಾಕೆಟ್‌ಗಳು ಕಾಯುವ ಸರದಿ, ಅದರ ಕೋಡ್ ಮುಟ್ಟುವವರಿಗೆ ಒಂದು ಮಾತು: ಪ್ಯಾಚ್ ಕಳಿಸುವ ಮೊದಲು, ಬದಲಾದ ಸಾಲಿನ ಮೇಲಿರುವ ಕಾಮೆಂಟನ್ನೂ ಓದಿ. ಲಿನಕ್ಸ್‌ನಲ್ಲಿ ಕ್ಯೂನ 'ಲಿಮಿಟ್' (ಎಷ್ಟು ಹಿಡಿಸಬಹುದು ಎಂಬ ಮಿತಿ) ಅಂದರೆ ಪಿಫಿಫೊ (pfifo) ಎಂಬ ಬಗೆಯ ಕ್ಯೂನಲ್ಲಿ ಪ್ಯಾಕೆಟ್ ಲೆಕ್ಕ, ಬಿಫಿಫೊ (bfifo) ಎಂಬುದರಲ್ಲಿ ಬೈಟ್ ಲೆಕ್ಕ. ಒಂದರ ಕಾಮೆಂಟ್ ಇನ್ನೊಂದಕ್ಕೆ ಕಾಪಿಯಾದರೆ, ಅದನ್ನು ನಂಬಿ 1000 ಪ್ಯಾಕೆಟ್ ಅಂತ ಇಟ್ಟದ್ದು 1000 ಬೈಟ್ ಆಗಿಬಿಡುತ್ತದೆ; 1500 ಬೈಟಿನ ಒಂದೇ ಒಂದು ಪ್ಯಾಕೆಟ್ಟೂ ಅದರಲ್ಲಿ ಹಿಡಿಸದು.

ಕ್ಯೂನಲ್ಲಿ ಕಾಯುವ ಸಮಯವನ್ನು ಹಿಡಿತದಲ್ಲಿಡುವ ಕೋಡೆಲ್ (CoDel) ಎಂಬ ವಿಧಾನದ ಹೆಡರ್ ಫೈಲ್ ನೋಡಿ, ನನಗೆ ಬಹಳ ಇಷ್ಟ. ಗಡಿಯಾರದ ಒಂದು ಟಿಕ್ 1024 ನ್ಯಾನೊಸೆಕೆಂಡ್, ಇಟ್ಟಿರುವುದು 32 ಬಿಟ್‌ನಲ್ಲಿ, ಸೈನ್ಡ್ (ಧನ-ಋಣ ಎರಡೂ ಇರುವ) ಹೋಲಿಕೆಯಿಂದಾಗಿ ವ್ಯಾಪ್ತಿ 2199 ಸೆಕೆಂಡ್ ಎಂದು ಕಾಮೆಂಟಿನಲ್ಲಿ ಕಾರಣ ಸಮೇತ ಬರೆದಿದ್ದಾರೆ. ಯಾರು ಬೇಕಾದರೂ ಲೆಕ್ಕ ಹಾಕಿ ನೋಡಬಹುದು. ಆದರೆ 'ಟಾರ್ಗೆಟ್ 5 ಮಿಲಿಸೆಕೆಂಡ್' ಅಂತ ಕೋಡಿನಲ್ಲಿರುವ ಅಂಕಿಯನ್ನೇ ಕಾಮೆಂಟಿನಲ್ಲಿ ಮತ್ತೆ ಬರೆಯಬೇಡಿ. ಅಂಕಿ ಬದಲಾದ ದಿನ ಕಾಮೆಂಟ್ ಹಾಗೇ ಉಳಿದುಬಿಡುತ್ತದೆ.