ಷೆಂಗೆನ್ ವೀಸಾ: ಫೈಲ್ ಕೆಡುವುದು ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ

ಯುರೋಪ್ ನೋಡಲು ಹೊರಟವರು ಮೊದಲು ಟಿಕೆಟ್ ದರ ನೋಡುತ್ತಾರೆ, ಆಮೇಲೆ ಜಾಕೆಟ್ ಕೊಳ್ಳುತ್ತಾರೆ, ವೀಸಾ ಅರ್ಜಿಗೆ ಕೂರುವುದು ಕೊನೆಗೆ. ಕೂತಾಗಲೂ ಫೋಟೊದ ಹಿನ್ನೆಲೆ ಬಿಳಿಯೋ ಬೂದಿಯೋ ಎಂಬ ಚರ್ಚೆಗೇ ಒಂದು ಸಂಜೆ ಹೋಗುತ್ತದೆ. ಬ್ಯಾಂಕ್ ಸ್ಟೇಟ್‌ಮೆಂಟನ್ನು ಮಾತ್ರ ಹಿಂದಿನ ದಿನ ಪ್ರಿಂಟ್ ತೆಗೆದು ಹಾಗೇ ಸೇರಿಸುತ್ತಾರೆ. ನೆಂಟರು, ಸ್ನೇಹಿತರ ಫೈಲುಗಳನ್ನು ನೋಡುತ್ತ ಬಂದಿದ್ದೇನೆ. ಅವುಗಳಲ್ಲಿ ಫೋಟೊದಿಂದ ಕೆಟ್ಟದ್ದು ಒಂದೂ ಇಲ್ಲ. ಕೆಟ್ಟಿದ್ದೆಲ್ಲ ದುಡ್ಡಿನ ಕಾಗದದಲ್ಲಿ, ಇಲ್ಲವೇ ತಾರೀಕು ತಾಳೆಯಾಗದ ಕಡೆ. ಹಾಗಾಗಿ ಇಲ್ಲಿ ಫೋಟೊಗೆ ಎರಡು ಸಾಲು, ಬ್ಯಾಂಕಿಗೆ ಬೇಕಾದಷ್ಟು ಜಾಗ.

ಯಾವ ದೇಶಕ್ಕೆ ಅರ್ಜಿ?

ಷೆಂಗೆನ್ ಎಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ವಲಯ, ಅದರಲ್ಲಿ ಈಗ 29 ದೇಶಗಳಿವೆ. ಬಲ್ಗೇರಿಯಾ ಮತ್ತು ರೊಮೇನಿಯಾ 2025ರ ಜನವರಿ 1ರಿಂದ ಪೂರ್ತಿಯಾಗಿ ಒಳಗೆ ಬಂದಿವೆ. ಬ್ರಿಟನ್, ಐರ್ಲೆಂಡ್ ಇದರಲ್ಲಿಲ್ಲ. ಲಂಡನ್ ಕೂಡ ನೋಡಬೇಕಿದ್ದರೆ ಅದಕ್ಕೆ ಬೇರೆಯೇ ವೀಸಾ.

ಹೆಚ್ಚು ರಾತ್ರಿ ತಂಗುವ ದೇಶಕ್ಕೆ ಅರ್ಜಿ ಹಾಕಬೇಕು. ಪ್ಯಾರಿಸ್‌ನಲ್ಲಿ ನಾಲ್ಕು ರಾತ್ರಿ, ಸ್ವಿಟ್ಜರ್ಲೆಂಡಿನಲ್ಲಿ ಐದು, ರೋಮ್‌ನಲ್ಲಿ ಮೂರು ಎಂದಾದರೆ ಅರ್ಜಿ ಸ್ವಿಟ್ಜರ್ಲೆಂಡಿಗೆ. ಎಲ್ಲವೂ ಸಮ ಆದಾಗ ಮಾತ್ರ ಮೊದಲು ಕಾಲಿಡುವ ದೇಶ. "ಫ್ರಾನ್ಸಿಗೆ ಅಪಾಯಿಂಟ್‌ಮೆಂಟ್ ಸಿಗಲಿಲ್ಲ, ಇನ್ನೊಂದು ದೇಶಕ್ಕೆ ಬೇಗ ಸಿಕ್ಕಿತು, ಅಲ್ಲಿಗೇ ಹಾಕಿದೆವು" ಎನ್ನುವವರಿದ್ದಾರೆ. ನಿಜವಾಗಿ ಆ ದೇಶದಲ್ಲೇ ಹೆಚ್ಚು ದಿನ ಇರುವ ಹಾಗೆ ಪ್ರವಾಸ ಬದಲಿಸಿಕೊಂಡರೆ ತಪ್ಪಿಲ್ಲ. ಕಾಗದದಲ್ಲಿ ಒಂದು, ಮನಸ್ಸಿನಲ್ಲಿ ಇನ್ನೊಂದು ಇಟ್ಟುಕೊಂಡು ಹೋದರೆ ಗಡಿಯಲ್ಲಿ ಹೋಟೆಲ್ ಬುಕಿಂಗ್ ಕೇಳಿದಾಗ ಬಾಯಿ ಕಟ್ಟುತ್ತದೆ.

ಹೊರಡುವ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಕೊನೆಯ ಗಡುವು ಹೊರಡುವ ಹದಿನೈದು ದಿನ ಮೊದಲು. ನಿರ್ಧಾರಕ್ಕೆ ಸಾಮಾನ್ಯವಾಗಿ ಹದಿನೈದು ದಿನ, ಹೆಚ್ಚಿನ ಪರಿಶೀಲನೆ ಬೇಕೆಂದರೆ 45 ದಿನದವರೆಗೂ ಎಳೆಯಬಹುದು. ಏಪ್ರಿಲ್, ಮೇ ರಜೆಗೆ ಹೋಗುವವರು ಜನವರಿಯಲ್ಲೇ ಕೈ ಹಚ್ಚಿ. ಯುಗಾದಿ ಮುಗಿಯಲಿ ಅಂತ ಕಾದರೆ ಸ್ಲಾಟು ಸಿಗುವುದು ಕಷ್ಟ.

ಪಾಸ್‌ಪೋರ್ಟ್ ಮತ್ತು ನಮ್ಮ ಇನಿಶಿಯಲ್ ಗೋಳು

ಪಾಸ್‌ಪೋರ್ಟ್ ಕೊಟ್ಟು ಹತ್ತು ವರ್ಷ ಮೀರಿರಬಾರದು. ಅಲ್ಲಿಂದ ವಾಪಸ್ ಹೊರಡುವ ದಿನದಾಚೆಗೆ ಕನಿಷ್ಠ ಮೂರು ತಿಂಗಳು ಅವಧಿ ಇರಬೇಕು, ಎರಡು ಪುಟ ಖಾಲಿ ಬೇಕು. ಇಷ್ಟು ಸುಲಭ.

ಕಷ್ಟ ಇರುವುದು ಹೆಸರಿನಲ್ಲಿ. ಪಾಸ್‌ಪೋರ್ಟಿನಲ್ಲಿ ಊರು, ಅಪ್ಪನ ಹೆಸರು ಎಲ್ಲ ಬಿಡಿಸಿ ಬರೆದಿರುತ್ತದೆ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಎರಡು ಇನಿಶಿಯಲ್. ಒಂದು ಕಡೆ ಮಂಜುನಾಥ, ಇನ್ನೊಂದು ಕಡೆ ಮಂಜುನಾಥ್. ಗಂಡನ ಹೆಸರು ಹೆಂಡತಿಯ ಪಾಸ್‌ಪೋರ್ಟಿನಲ್ಲಿ ಮೂರನೇ ರೀತಿ. ಅರ್ಜಿಗೆ ಎರಡು ತಿಂಗಳು ಮುಂಚೆಯೇ ಬ್ಯಾಂಕಿಗೆ ಹೋಗಿ, ಕೆವೈಸಿ ಕೊಟ್ಟು, ಖಾತೆಯ ಹೆಸರನ್ನು ಪಾಸ್‌ಪೋರ್ಟಿನ ಹಾಗೆ ಮಾಡಿಸಿಕೊಳ್ಳಿ. ಆಗದಿದ್ದರೆ ಎರಡೂ ಹೆಸರು ಒಬ್ಬರದೇ ಎಂದು ನೋಟರಿ ಅಫಿಡವಿಟ್ ಮಾಡಿಸಿ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇರುವವರು ಇನ್ನೊಂದು ವಿಷಯ ಗಮನಿಸಿ: ದುಬೈ ಮೇಲಿಂದ ಹೋಗುವಾಗ ಅಲ್ಲೂ ಎರಡು ದಿನ ಇಳಿಯುವ ಆಲೋಚನೆ ಇದ್ದರೆ, ಒಂಟಿ ಹೆಸರಿನ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾ ಕೊಡುವುದನ್ನು ಯುಎಇ 2022ರಲ್ಲಿ ಬಿಗಿ ಮಾಡಿದೆ. ಸರ್‌ನೇಮ್ ಸೇರಿಸಿ ಹೊಸ ಪಾಸ್‌ಪೋರ್ಟ್ ಮಾಡಿಸುವುದೇ ಲೇಸು. ಆ ಕೆಲಸ ವೀಸಾ ಅರ್ಜಿಗೆ ಮೊದಲು ಆಗಬೇಕು, ನಡುವೆ ಅಲ್ಲ.

ಫೋಟೊ 35x45 ಮಿಲಿಮೀಟರ್, ಆರು ತಿಂಗಳ ಒಳಗಿನದು. ಸ್ಟುಡಿಯೊದವರು ಮುಖ ಬೆಳ್ಳಗೆ ಮಾಡಿಕೊಡುತ್ತೇವೆ ಎಂದರೆ ಬೇಡ ಎನ್ನಿ.

ತಾರೀಕುಗಳ ಲೆಕ್ಕ

ಒಂದು ಹಾಳೆಯಲ್ಲಿ ದಿನ, ಊರು, ರಾತ್ರಿ ತಂಗುವ ಹೋಟೆಲ್, ಪ್ರಯಾಣದ ದಾರಿ ಎಂದು ನಾಲ್ಕು ಅಂಕಣ ಎಳೆಯಿರಿ. ಬೆಂಗಳೂರಿನಿಂದ ಮೇ 10ರ ರಾತ್ರಿ ವಿಮಾನ ಹತ್ತಿದವರು ಪ್ಯಾರಿಸ್ ಮುಟ್ಟುವುದು 11ಕ್ಕೆ. ಹೋಟೆಲನ್ನು 10ರಿಂದ ಬುಕ್ ಮಾಡಿದವರು, ವಿಮೆಯನ್ನು 11ರಿಂದ ಮಾಡಿಸಿ ವಾಪಸಾತಿಯ ದಿನ ಬಿಟ್ಟವರು, ಅರ್ಜಿಯಲ್ಲಿ ಮೂರನೆಯ ತಾರೀಕು ಬರೆದವರು ಎಲ್ಲರೂ ಇದ್ದಾರೆ. ಹಾಳೆ ಮೊದಲು ಸಿದ್ಧವಾದರೆ ಉಳಿದೆಲ್ಲ ಕಾಗದಕ್ಕೂ ಅಲ್ಲಿಂದಲೇ ತಾರೀಕು ಇಳಿಸಬಹುದು. ಒಂದು ರಾತ್ರಿಯೂ ತಂಗುವ ಜಾಗವಿಲ್ಲದೆ ಉಳಿಯಬಾರದು. ಹೋಟೆಲ್ ಬುಕಿಂಗ್‌ನಲ್ಲಿ ಹೋಗುವ ಎಲ್ಲರ ಹೆಸರೂ ಬರಲಿ, "ಇಬ್ಬರು ವಯಸ್ಕರು" ಎಂದಷ್ಟೇ ಇದ್ದರೆ ಸಾಲದು.

ವಿಮಾನದ ಟಿಕೆಟಿಗೆ ರಿಸರ್ವೇಶನ್ ಸಾಕು, ವೀಸಾ ಬರುವ ಮೊದಲು ಪೂರ್ತಿ ದುಡ್ಡು ಕಟ್ಟಬೇಡಿ. ಹಾಗೆಂದು ಐದುನೂರು ರೂಪಾಯಿಗೆ ಸಿಗುವ ‘ಡಮ್ಮಿ ಟಿಕೆಟ್’ ಪಿಡಿಎಫ್‌ಗೆ ಮರುಳಾಗಬೇಡಿ. ಪಿಎನ್‌ಆರ್ ಹಾಕಿ ನೋಡಿದರೆ ನಿಜವಾದ ರಿಸರ್ವೇಶನ್ ಕಾಣಬೇಕು. ಕಾಣದಿದ್ದರೆ ಅದು ಸುಳ್ಳು ದಾಖಲೆ, ಆ ಒಂದು ಹಾಳೆ ಇಡೀ ಫೈಲನ್ನು ಮುಳುಗಿಸುತ್ತದೆ. ಹೋಟೆಲಿಗೆ ಉಚಿತ ರದ್ದತಿ ಇರುವ ಬುಕಿಂಗ್ ತೆಗೆದುಕೊಳ್ಳಿ, ಆದರೆ ಅರ್ಜಿ ಕೊಟ್ಟ ಮಾರನೇ ದಿನವೇ ರದ್ದು ಮಾಡಬೇಡಿ. ಅವರು ಹೋಟೆಲಿಗೆ ವಿಚಾರಿಸಬಹುದು.

ಈಗ ಬ್ಯಾಂಕ್

ಸ್ಟೇಟ್‌ಮೆಂಟ್ ನೋಡುವ ಅಧಿಕಾರಿ ಮೊದಲು ಹುಡುಕುವುದು ಕೊನೆಯ ಬ್ಯಾಲೆನ್ಸನ್ನಲ್ಲ. ದುಡ್ಡು ಎಲ್ಲಿಂದ ಬರುತ್ತದೆ, ಎಷ್ಟು ದಿನಕ್ಕೊಮ್ಮೆ ಬರುತ್ತದೆ, ತಿಂಗಳ ಕೊನೆಗೆ ಎಷ್ಟು ಉಳಿಯುತ್ತದೆ ಎಂಬುದನ್ನು. ಆರು ತಿಂಗಳು ಇಪ್ಪತ್ತು ಸಾವಿರದ ಆಸುಪಾಸಿನಲ್ಲಿ ತೆವಳಿದ ಖಾತೆಗೆ ಅರ್ಜಿಯ ಹಿಂದಿನ ವಾರ ನಾಲ್ಕು ಲಕ್ಷ ಬಂದು ಕೂತರೆ, ಅದು ಭಾವನ ದುಡ್ಡು ಎಂದು ಹೇಳಲು ಜ್ಯೋತಿಷಿ ಬೇಕಿಲ್ಲ. ನಮ್ಮವರು ಸಾಲ ಮಾಡಿ ಬ್ಯಾಲೆನ್ಸ್ ತೋರಿಸುವ ಈ ಉಪಾಯವನ್ನು ಏಜೆಂಟರೇ ಹೇಳಿಕೊಡುತ್ತಾರೆ. ಕೆಲವರು ಅದಕ್ಕೂ ಬಡ್ಡಿ ಹಾಕಿ ದುಡ್ಡು ಒದಗಿಸುತ್ತಾರೆ. ಬೇಡವೇ ಬೇಡ. ಒಂದೂವರೆ ಲಕ್ಷ ನಿಮ್ಮದೇ ದುಡ್ಡು, ತಿಂಗಳುಗಟ್ಟಲೆ ನಿಂತದ್ದು, ನಿನ್ನೆ ಬಂದ ಐದು ಲಕ್ಷಕ್ಕಿಂತ ಗಟ್ಟಿ.

ನಿಜವಾಗಿಯೂ ದೊಡ್ಡ ಮೊತ್ತ ಬಂದಿದ್ದರೆ? ಸೈಟು ಮಾರಿದ್ದು, ಎಫ್‌ಡಿ ಮುರಿದದ್ದು, ಪಿಎಫ್ ಬಂದದ್ದು, ಮಗ ಕಳಿಸಿದ್ದು, ಯಾವುದೇ ಇರಲಿ, ಆ ಸಾಲಿಗೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಅದರ ಕಾಗದ ಲಗತ್ತಿಸಿ, ಕವರಿಂಗ್ ಲೆಟರಿನಲ್ಲಿ ಒಂದೇ ವಾಕ್ಯದಲ್ಲಿ ವಿವರಿಸಿ. ವಿವರಣೆ ಇದ್ದರೆ ದೊಡ್ಡ ಮೊತ್ತ ತೊಂದರೆಯಲ್ಲ. ನಗದು ಜಮೆ ಮಾತ್ರ ವಿವರಿಸುವುದು ಕಷ್ಟ. ಅರ್ಜಿಗೆ ಮುಂಚಿನ ತಿಂಗಳುಗಳಲ್ಲಿ ಮನೆಯ ನಗದನ್ನು ತಂದು ಖಾತೆಗೆ ಸುರಿಯಬೇಡಿ.

ಎಷ್ಟಿರಬೇಕು ಎಂಬುದಕ್ಕೆ ದೇಶಗಳೇ ಅಳತೆ ಹೇಳಿವೆ. ಫ್ರಾನ್ಸ್ ಹೋಟೆಲ್ ಬುಕ್ ಆಗಿರುವವರಿಗೆ ತಲೆಗೆ ದಿನಕ್ಕೆ 65 ಯೂರೋ ಕೇಳುತ್ತದೆ, ಬುಕಿಂಗ್ ಇಲ್ಲದವರಿಗೆ 120. ಸ್ವಿಟ್ಜರ್ಲೆಂಡ್ ದಿನಕ್ಕೆ 100 ಫ್ರಾಂಕ್. ದಂಪತಿಗೆ ಫ್ರಾನ್ಸಿನಲ್ಲಿ ಹತ್ತು ದಿನ ಎಂದರೆ 1,300 ಯೂರೋ. ಯೂರೋಗೆ ನೂರು ರೂಪಾಯಿ ಎಂದು ದುಂಡು ಲೆಕ್ಕ ಹಾಕಿದರೂ ಒಂದು ಲಕ್ಷ ಮೂವತ್ತು ಸಾವಿರ. ಇದು ತಳಮಟ್ಟ. ಟಿಕೆಟ್ಟಿನ ಖರ್ಚೂ ಕಳೆದು, ವಾಪಸ್ ಬಂದ ಮೇಲೂ ಮನೆ ನಡೆಯುವಷ್ಟು ಉಳಿಯುತ್ತದೆ ಎಂದು ಖಾತೆ ನೋಡಿದವರಿಗೆ ಅನ್ನಿಸಬೇಕು. ನನ್ನ ಮಾತು ಕೇಳುವುದಾದರೆ ತಳಮಟ್ಟದ ಎರಡೂವರೆ ಪಟ್ಟಾದರೂ ಇರಲಿ.

ಮೂರು ತಿಂಗಳ ಸ್ಟೇಟ್‌ಮೆಂಟ್ ಸಾಕೆಂದು ಪಟ್ಟಿಯಲ್ಲಿದ್ದರೂ ಆರು ತಿಂಗಳದ್ದು ಕೊಡಿ. ಮೊಬೈಲ್ ಆ್ಯಪ್‌ನಿಂದ ಇಳಿಸಿದ ಪಿಡಿಎಫ್ ಹಾಗೇ ಕೊಡಬೇಡಿ, ಶಾಖೆಗೆ ಹೋಗಿ ಪ್ರತಿ ಪುಟಕ್ಕೂ ಸೀಲು, ಸಹಿ ಹಾಕಿಸಿ. ಕೌಂಟರಿನಲ್ಲಿ "ಆನ್‌ಲೈನ್ ಸ್ಟೇಟ್‌ಮೆಂಟಿಗೆ ಸೀಲು ಬೇಕಿಲ್ಲ ಸರ್" ಅನ್ನುತ್ತಾರೆ. ವೀಸಾಗೆ ಎಂದು ಹೇಳಿ ನಿಂತುಕೊಳ್ಳಿ, ಹಾಕಿಕೊಡುತ್ತಾರೆ. ಎಫ್‌ಡಿ, ಮ್ಯೂಚುವಲ್ ಫಂಡ್ ಕಾಗದಗಳು ಜೊತೆಗಿರಲಿ, ಆದರೆ ಅವು ಉಳಿತಾಯ ಖಾತೆಗೆ ಬದಲಿಯಲ್ಲ.

ಸಂಬಳದವರಿಗೆ ಉಳಿದದ್ದು ಸುಲಭ: ಮೂರು ತಿಂಗಳ ಪೇ ಸ್ಲಿಪ್, ರಜೆ ಮಂಜೂರಾದ ಪತ್ರ, ಐಟಿ ರಿಟರ್ನ್. ಪೇ ಸ್ಲಿಪ್ಪಿನ ನಿವ್ವಳ ಮೊತ್ತವೂ ಖಾತೆಗೆ ಬಿದ್ದ ಮೊತ್ತವೂ ಪೈಸೆಗೆ ಪೈಸೆ ಒಂದೇ ಇರಲಿ. ಪಿಂಚಣಿದಾರರು ಪಿಪಿಒ (ಪಿಂಚಣಿ ಪಾವತಿ ಆದೇಶ) ಪ್ರತಿ ಇಡಲಿ.

ಕೃಷಿಕರ ಫೈಲಿನಲ್ಲಿ ಹೆಚ್ಚು ಎಡವಟ್ಟು. ಶಿರಸಿ, ಸಾಗರ, ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರ ಖಾತೆಯಲ್ಲಿ ತಿಂಗಳು ತಿಂಗಳು ಏನೂ ಬರುವುದಿಲ್ಲ. ಮಂಡಿಯಿಂದಲೋ ಸೊಸೈಟಿಯಿಂದಲೋ ಒಮ್ಮೆ ದೊಡ್ಡದಾಗಿ ಬರುತ್ತದೆ. ಗೊತ್ತಿಲ್ಲದವರ ಕಣ್ಣಿಗೆ ಅದೂ ಭಾವನ ದುಡ್ಡಿನ ಹಾಗೇ ಕಾಣುತ್ತದೆ. ಇಂಥವರು ಒಂದು ವರ್ಷದ ಸ್ಟೇಟ್‌ಮೆಂಟ್ ಕೊಡಲಿ, ಮಾರಾಟದ ಬಿಲ್ಲುಗಳನ್ನು ಆ ಜಮೆಗಳ ಎದುರು ಜೋಡಿಸಲಿ. ಪಹಣಿ ಕನ್ನಡದಲ್ಲಿರುತ್ತದೆ, ಇಂಗ್ಲಿಷ್ ಅನುವಾದ ಮಾಡಿಸಿ ನೋಟರಿ ಹಾಕಿಸಿ. "ಕೃಷಿ ಆದಾಯಕ್ಕೆ ತೆರಿಗೆಯೇ ಇಲ್ಲ, ರಿಟರ್ನ್ ಯಾಕೆ?" ಎನ್ನುವ ಹಿರಿಯರಿಗೆ ನನ್ನ ಉತ್ತರ: ತೆರಿಗೆ ಕಟ್ಟಲು ಅಲ್ಲ ಮಾರಾಯರೆ, ತೋರಿಸಲು. ಕೃಷಿ ಆದಾಯವನ್ನು ತೆರಿಗೆ ವಿನಾಯಿತಿಯ ಆದಾಯವೆಂದು ರಿಟರ್ನ್‌ನಲ್ಲೇ ನಮೂದಿಸಬಹುದು. ಪ್ರವಾಸದ ಆಸೆ ಇದ್ದರೆ ಎರಡು ಮೂರು ವರ್ಷ ಮುಂಚಿನಿಂದಲೇ ಸಲ್ಲಿಸುತ್ತ ಬನ್ನಿ.

ಕವರಿಂಗ್ ಲೆಟರ್ ಒಂದೇ ಪುಟ. ಯಾರು, ಯಾವಾಗ, ಎಲ್ಲಿಗೆ, ಖರ್ಚು ಯಾರದು, ವಾಪಸ್ ಬಂದು ಮಾಡುವ ಕೆಲಸ ಏನು. ಐಫೆಲ್ ಟವರ್ ನೋಡುವುದು ಬಾಲ್ಯದ ಕನಸು ಎಂಬ ಪ್ಯಾರಾ ಬೇಡ, ಓದುವವರಿಗೆ ಅದು ಬಾಯಿಪಾಠವಾಗಿರುತ್ತದೆ. ಒಬ್ಬರೇ ಪಾಲಕರ ಜೊತೆ ಹೋಗುವ ಮಕ್ಕಳಿದ್ದರೆ ಇನ್ನೊಬ್ಬರ ಒಪ್ಪಿಗೆ ಪತ್ರ ಮತ್ತು ಜನನ ಪ್ರಮಾಣಪತ್ರ ಮರೆಯಬಾರದು.

ವಿಮೆ

ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ, ಇಡೀ ಷೆಂಗೆನ್ ವಲಯಕ್ಕೆ ಅನ್ವಯ, ಪ್ರವಾಸದ ಎಲ್ಲ ದಿನ. ಕ್ರೆಡಿಟ್ ಕಾರ್ಡಿನ ಜೊತೆ ಪುಕ್ಕಟೆ ಬರುವ ವಿಮೆಯನ್ನು ನಂಬಬೇಡಿ. ಈ ಮೂರು ಸಾಲು ಪತ್ರದಲ್ಲಿ ಸ್ಪಷ್ಟವಾಗಿ ಇರುವುದು ಅಪರೂಪ. ಬಿಪಿ, ಶುಗರ್ ಇರುವ ಅಪ್ಪ ಅಮ್ಮನಿಗೆ ಅತಿ ಅಗ್ಗದ ಪಾಲಿಸಿ ತೆಗೆದರೆ ವೀಸಾ ಸಿಗಬಹುದು, ಆಸ್ಪತ್ರೆ ಬಿಲ್ಲು ಬಂದ ದಿನ ಅದು ಕೈ ಎತ್ತುತ್ತದೆ. ಮೊದಲೇ ಇರುವ ಕಾಯಿಲೆಗಳ ಬಗ್ಗೆ ಏನು ಬರೆದಿದೆ ಎಂದು ಓದಿ ಕೊಳ್ಳಿ.

ಕೇಂದ್ರದಲ್ಲಿ

ವಿಎಫ್‌ಎಸ್, ಬಿಎಲ್‌ಎಸ್‌ನಂಥ ಕಂಪನಿಗಳು ಅರ್ಜಿ ತೆಗೆದುಕೊಂಡು ಕಾನ್ಸುಲೇಟಿಗೆ ಕಳಿಸುತ್ತವೆ ಅಷ್ಟೇ, ಕೊಡುವ ಬಿಡುವ ತೀರ್ಮಾನ ಅವರದಲ್ಲ. ಹಾಗಾಗಿ "ಒಳಗೆ ನಮ್ಮವರಿದ್ದಾರೆ" ಎನ್ನುವ ಏಜೆಂಟ್ ಕಂಡರೆ ಬಂದ ದಾರಿಯಲ್ಲೇ ವಾಪಸಾಗಿ. ಪ್ರೀಮಿಯಂ ಲೌಂಜ್ ಎಂದು ಹೆಚ್ಚು ಹಣ ಕೇಳುವ ಸೌಲಭ್ಯದಿಂದ ವೀಸಾ ಸಾಧ್ಯತೆ ಕೂದಲೆಳೆಯಷ್ಟೂ ಹೆಚ್ಚುವುದಿಲ್ಲ. ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ, ಆರರಿಂದ ಹನ್ನೆರಡರೊಳಗಿನ ಮಕ್ಕಳಿಗೆ 45, ಅದಕ್ಕೂ ಚಿಕ್ಕವರಿಗೆ ಇಲ್ಲ. ಕೇಂದ್ರದ ಸೇವಾ ಶುಲ್ಕ ಪ್ರತ್ಯೇಕ. ವೀಸಾ ತಿರಸ್ಕೃತವಾದರೂ ಶುಲ್ಕ ಹಿಂದೆ ಬರದು. ಬೆರಳಚ್ಚು ಒಮ್ಮೆ ಕೊಟ್ಟರೆ 59 ತಿಂಗಳು ನಡೆಯುತ್ತದೆ. ಹಳೆಯ ಪಾಸ್‌ಪೋರ್ಟುಗಳನ್ನೆಲ್ಲ ಒಯ್ಯಿರಿ.

ತಿರಸ್ಕರಿಸಿದರೆ ಕಾರಣಕ್ಕೆ ಗುರುತು ಹಾಕಿದ ಹಾಳೆ ಸಿಗುತ್ತದೆ. ಅದನ್ನು ಓದದೆ ಅದೇ ಫೈಲನ್ನು ಮುಂದಿನ ವಾರ ಇನ್ನೊಂದು ದೇಶಕ್ಕೆ ಹಾಕುವವರಿದ್ದಾರೆ. ಷೆಂಗೆನ್ ದೇಶಗಳೆಲ್ಲ ಒಂದೇ ಮಾಹಿತಿ ಕೋಶ ನೋಡುತ್ತವೆ, ನಿಮ್ಮ ಹಳೆಯ ತಿರಸ್ಕಾರ ಅಲ್ಲಿ ಕಾಣುತ್ತದೆ.

ಸ್ಟಿಕರ್ ಬಂದ ಮೇಲೆ

ವೀಸಾದಲ್ಲಿ ಎರಡು ಲೆಕ್ಕಗಳಿವೆ. ಮೇ 5ರಿಂದ ಜೂನ್ 3ರವರೆಗೆ ಎಂದಿದ್ದು, ಪಕ್ಕದಲ್ಲಿ 15 ದಿನ ಎಂದಿದ್ದರೆ ಇರಬಹುದಾದದ್ದು 15 ದಿನ ಮಾತ್ರ. ಇಳಿದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ ಬರುತ್ತವೆ. ಪ್ರವೇಶದ ಸಂಖ್ಯೆ ಒಂದು ಎಂದಿದ್ದರೆ ನಡುವೆ ಲಂಡನ್ನಿಗೆ ಹೋಗಿ ವಾಪಸ್ ಬರುವಂತಿಲ್ಲ. ಮಲ್ಟಿಪಲ್ (ಹಲವು ಪ್ರವೇಶದ) ವೀಸಾ ಸಿಕ್ಕವರಿಗೂ 180 ದಿನಗಳಲ್ಲಿ 90 ದಿನದ ಮಿತಿ ಇದೆ. ಭಾರತೀಯರಿಗೆ 2024ರ ಏಪ್ರಿಲ್‌ನಿಂದ ಒಂದು ಅನುಕೂಲವಾಗಿದೆ: ಮೂರು ವರ್ಷದೊಳಗೆ ಎರಡು ವೀಸಾಗಳನ್ನು ನಿಯಮ ಮೀರದೆ ಬಳಸಿದ್ದವರಿಗೆ ಎರಡು ವರ್ಷದ ಮಲ್ಟಿಪಲ್ ವೀಸಾ, ಅದರ ನಂತರ ಸಾಮಾನ್ಯವಾಗಿ ಐದು ವರ್ಷದ್ದು, ಪಾಸ್‌ಪೋರ್ಟಿನಲ್ಲಿ ಅಷ್ಟು ಅವಧಿ ಇದ್ದರೆ.

ಹೋಟೆಲ್, ವಾಪಸ್ ಟಿಕೆಟ್, ವಿಮೆಯ ಪ್ರತಿಗಳನ್ನು ಕೈಚೀಲದಲ್ಲಿಡಿ, ಚೆಕ್-ಇನ್ ಸೂಟ್‌ಕೇಸಿನಲ್ಲಿ ಅಲ್ಲ. ವೀಸಾ ಇದ್ದರೂ ಗಡಿಯಲ್ಲಿ ಅವನ್ನು ಕೇಳುವ ಹಕ್ಕು ಅಧಿಕಾರಿಗಿದೆ. 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಮುದ್ರೆಯ ಬದಲು ಕಂಪ್ಯೂಟರ್ ದಾಖಲಾತಿ ಶುರುವಾಗಿದೆ, ಉಳಿದ ದಿನಗಳನ್ನು ಅದೇ ಎಣಿಸುತ್ತದೆ.

ಇನ್ನು ತಿಂಡಿ ಗಂಟು. ಯುರೋಪಿಯನ್ ಒಕ್ಕೂಟದೊಳಗೆ ಹೊರಗಿನಿಂದ ಹಾಲಿನ ಉತ್ಪನ್ನ, ಮಾಂಸ ಒಯ್ಯುವಂತಿಲ್ಲ. ಧಾರವಾಡ ಪೇಢೆ, ಬೆಳಗಾವಿ ಕುಂದಾ, ಮನೆಯ ತುಪ್ಪ ಮೂರನ್ನೂ ಇಲ್ಲೇ ಬಿಡಿ. ಹಸಿ ಕರಿಬೇವೂ ಬೇಡ. ಚಟ್ನಿಪುಡಿ ಒಯ್ಯಬಹುದು, ಬಿಗಿಯಾಗಿ ಪ್ಯಾಕ್ ಮಾಡಿ.