ಕುಡಿತ ಬಿಟ್ಟೆ, ಅಂಜಿಕೆ ಬಿಡಲಿಲ್ಲ

ಕುಡಿತ ಬಿಟ್ಟವರನ್ನು ಎಲ್ಲರೂ ಕೇಳುವುದು, ಹೇಗೆ ಬಿಟ್ಟೆ ಮಾರಾಯಾ ಅಂತ. ಯಾಕೆ ಹಿಡಿದೆ ಅಂತ ಯಾರೂ ಕೇಳುವುದಿಲ್ಲ. ನನ್ನ ಮನೋವೈದ್ಯರು ಕೇಳಿದರು: ಕುಡಿತ, ಖಿನ್ನತೆ, ಜನರೆಂದರೆ ಅಂಜಿಕೆ, ಇದರಲ್ಲಿ ಮೊದಲು ಬಂದದ್ದು ಯಾವುದು?

ಅಂಜಿಕೆಯೇ. ಹೈಸ್ಕೂಲಿನಲ್ಲಿ ಹಾಜರಿ ಕೂಗಿದರೆ ಗಂಟಲು ಕಟ್ಟುತ್ತಿತ್ತು. ಊರು ಶಿರಸಿ ಕಡೆ, ಕೆಲಸ ಸಿಕ್ಕಿದ್ದು ಕಾರವಾರದಲ್ಲಿ. ಮಾಜಾಳಿ ದಾಟಿದರೆ ಗೋವಾ, ಅಲ್ಲಿ ಎಣ್ಣೆ ಅಗ್ಗ. ಎರಡು ಪೆಗ್ ಒಳಗೆ ಹೋದರೆ ಮಾತು ತಾನಾಗಿ ಬರುತ್ತಿತ್ತು. ಬರಬರುತ್ತಾ ಫೋನ್ ಎತ್ತಲಿಕ್ಕೂ ಬೇಕಾಯಿತು. ಬೆಳಿಗ್ಗೆ ಎದ್ದರೆ ಎದೆ ಡವಡವ, ಅಂಜಿಕೆ ಮೊದಲಿಗಿಂತ ಜಾಸ್ತಿ, ಯಾಕೆಂದರೆ ಮದ್ಯ ಅಮುಕಿ ಹಿಡಿದ ಮಿದುಳು ನಶೆ ಇಳಿದಾಗ ಅಷ್ಟೇ ಜೋರಾಗಿ ಎದ್ದು ಕೂರುತ್ತದೆ. ಖಿನ್ನತೆ ಬಂದದ್ದು ಕೊನೆಗೆ. ಊಟ ರುಚಿಸದು, ನಿದ್ದೆ ಇಲ್ಲ, ಬದುಕೇ ಬೇಡ.

ಆಸ್ಪತ್ರೆಯಲ್ಲಿ ಅಡ್ಮಿಟ್ ಆಗಿಯೇ ಕುಡಿತ ನಿಲ್ಲಿಸಿದೆ. ಬಿ1 ವಿಟಮಿನ್, ನಡುಕ ತಡೆಯುವ ಮಾತ್ರೆ ಕೊಟ್ಟರು. ದಿನಾ ಜಾಸ್ತಿ ಕುಡಿಯುವವರು ಹಠಕ್ಕೆ ಬಿದ್ದು ಮನೆಯಲ್ಲೇ ಒಮ್ಮೆಲೇ ನಿಲ್ಲಿಸಬೇಡಿ. ಮೊದಲ ಎರಡು ಮೂರು ದಿನದಲ್ಲಿ ಫಿಟ್ಸ್, ಭ್ರಮೆ ಬರಬಹುದು, ಜೀವವೂ ಹೋಗಬಹುದು.

ಕೆಲವು ವಾರದಲ್ಲಿ ಖಿನ್ನತೆ ಬಹುಪಾಲು ಇಳಿಯಿತು. ಕುಡಿತದಿಂದಲೇ ಬಂದದ್ದು ಹೀಗೆ ಇಳಿಯುವುದುಂಟು, ಇಳಿಯದಿದ್ದರೆ ಅದಕ್ಕೆ ಬೇರೆ ಚಿಕಿತ್ಸೆ. ಅಂಜಿಕೆ ಮಾತ್ರ ಜಪ್ಪಯ್ಯ ಅಂದರೂ ಹೋಗಲಿಲ್ಲ. ಕುಡಿತ ಬಿಡಿಸಿ ಮನೆಗೆ ಕಳಿಸಿದರೆ ಮುಗೀತು ಅನ್ನುವವರ ಮೇಲೆ ನನಗೆ ಸಿಟ್ಟು ಇದಕ್ಕೇ. ಮತ್ತೆ ಬಾಟಲಿ ಹಿಡಿಸುವುದು ಈ ಉಳಿದ ಅಂಜಿಕೆಯೇ ಅಲ್ವಾ?

ಅದಕ್ಕೆ ಸರ್ಟ್ರಾಲಿನ್ ಮಾತ್ರೆ, ಜೊತೆಗೆ ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆ. ಹೆದರಿಕೆ ಹುಟ್ಟಿಸುವ ಕೆಲಸಗಳನ್ನು ಬರೆದುಕೊಂಡು ಸಣ್ಣದರಿಂದ ಶುರು ಮಾಡಬೇಕು. ಕಾರವಾರದ ಭಾನುವಾರದ ಸಂತೆಯಲ್ಲಿ ಚೌಕಾಸಿ, ಕಂಡಕ್ಟರ್ ಹತ್ತಿರ ಚಿಲ್ಲರೆ ಕೇಳುವುದು, ಹೀಗೆ. ಎಲ್ಲಕ್ಕಿಂತ ಕಷ್ಟದ್ದು ಮದುವೆಮನೆಯಲ್ಲಿ ಬಡಿಸುವುದು. ಉಪ್ಪು, ಉಪ್ಪಿನಕಾಯಿಯಿಂದ ಶುರು ಮಾಡಿದೆ, ಚೆಲ್ಲುವ ಭಯವಿಲ್ಲ. ಆಮೇಲೆ ಅನ್ನ. ಸಾರಿನ ಸೌಟು ಹಿಡಿದ ದಿನ ಕೈ ನಡುಗಿ ಒಬ್ಬರ ಎಲೆಯಂಚಿಗೆ ಚೆಲ್ಲಿತು, ಅವರು ತಲೆಯೆತ್ತದೆ "ತಮಾ, ಇನ್ನೊಂದು ಸೌಟು ಹಾಕು" ಅಂದರು. ನಡುಗಿದರೂ ನಡುವೆ ಓಡಿಹೋಗಬಾರದು, ಪಂಕ್ತಿ ಮುಗಿಯುವವರೆಗೆ ನಿಂತರೆ ಅಂಜಿಕೆ ತಾನಾಗಿ ಇಳಿಯುತ್ತದೆ.

ಮಾತ್ರೆ ಈಗಲೂ ಇದೆ. ಡಾಕ್ಟರ ಬಳಿ ಹೋಗಲು ಹಿಂಜರಿಕೆಯಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಫೋನ್ ಮಾಡಲಿಕ್ಕೇ ಹೆದರಿಕೆಯಾದರೆ ಮನೆಯವರ ಹತ್ತಿರ ನಂಬರ್ ಒತ್ತಿಸಿ.