ಪಿಲ್ಟ್‌ಡೌನ್ ಹಲ್ಲನ್ನು ಅರ ಹಿಡಿದು ಅರ್ಥ ಮಾಡಿಕೊಂಡ ಬಗೆ

ದಂತ ವೈದ್ಯಕೀಯ ವಿದ್ಯಾರ್ಥಿಗಳಿಗೆ ಹಲ್ಲಿನ ರಚನೆಯ ಪಾಠ ಮಾಡೋದು ನನ್ನ ಕೆಲಸ. ಹಲ್ಲು ಸವೆಯುವ ಬಗೆಯನ್ನು ಕಲಿಸಲು ಪಿಲ್ಟ್‌ಡೌನ್ ಮಾನವನ ಕಥೆಗಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ. ಆದರೆ ಕಥೆ ಹೇಳಿ ಬಿಟ್ಟರೆ ಸಾಲದು, ಹಲ್ಲನ್ನು ಕೈಯಲ್ಲಿ ಹಿಡಿಯಬೇಕು.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳ್ತೀನಿ. ಇಂಗ್ಲೆಂಡಿನ ಸಸೆಕ್ಸ್‌ನಲ್ಲಿರುವ ಪಿಲ್ಟ್‌ಡೌನ್‌ನ ಜಲ್ಲಿಗುಂಡಿಯಲ್ಲಿ ತಲೆಬುರುಡೆಯ ಚೂರುಗಳು ಸಿಕ್ಕಿವೆ ಎಂದು ವಕೀಲ ಚಾರ್ಲ್ಸ್ ಡಾಸನ್ ತಂದುಕೊಟ್ಟ. ಅಲ್ಲೇ ಅರ್ಧ ದವಡೆಯೂ ಸಿಕ್ಕಿತು. ಬ್ರಿಟಿಷ್ ಮ್ಯೂಸಿಯಮ್ಮಿನ ಆರ್ಥರ್ ಸ್ಮಿತ್ ವುಡ್‌ವರ್ಡ್ 1912ರ ಡಿಸೆಂಬರ್‌ನಲ್ಲಿ ಇದನ್ನು ಮನುಷ್ಯನ ಪೂರ್ವಜ ಎಂದು ಸಾರಿದರು. ಆದರೆ ಅದು ಯಾರೋ ಬೇಕೆಂದೇ ಮಾಡಿದ ಮೋಸ. ಬುರುಡೆ ಮನುಷ್ಯನದು, ದವಡೆ ಒರಾಂಗುಟಾನ್‌ನದು. ಎರಡೂ ಕೂಡುವ ಕೀಲಿನ ತುದಿ ಮುರಿದಿತ್ತು. ಹಾಗಾಗಿ ಜೋಡಿಸಿ ನೋಡಲು ಆಗುತ್ತಿರಲಿಲ್ಲ. ದವಡೆ ಮನುಷ್ಯನದೇ ಎಂದು ನಂಬಿಸಿದ್ದು ಅದರಲ್ಲಿದ್ದ ಎರಡು ದವಡೆಹಲ್ಲುಗಳ ಚಪ್ಪಟೆ ಸವೆತ.

1953ರಲ್ಲಿ ಮಾನವಶಾಸ್ತ್ರಜ್ಞ ಜೋಸೆಫ್ ವೀನರ್‌ಗೆ ಅನುಮಾನ ಬಂತು. ಅವರು ಚಿಂಪಾಂಜಿಯ ಒಂದು ಹಲ್ಲನ್ನು ಅರದಿಂದ ಉಜ್ಜಿ, ಬಣ್ಣ ಹಚ್ಚಿ ನೋಡಿದರು. ಥೇಟ್ ಪಿಲ್ಟ್‌ಡೌನ್ ಹಲ್ಲಿನ ಹಾಗೇ ಆಯಿತು. ನಾನು ತರಗತಿಯಲ್ಲಿ ಮಾಡಿದ್ದು ಇದನ್ನೇ, ಕಿತ್ತ ಮನುಷ್ಯರ ಹಲ್ಲಿನ ಮೇಲೆ.

ಮೊದಲು ಎಲೆ ಅಡಿಕೆ ಜಗಿದು ಸವೆದ ಹಲ್ಲುಗಳನ್ನು ಆರಿಸಿ ಇಟ್ಟುಕೊಂಡೆ. ನಮ್ಮ ಕಡೆಯ ವಯಸ್ಸಾದವರಲ್ಲಿ ಇಂಥವು ಬೇಕಾದಷ್ಟು ಸಿಗುತ್ತವೆ. ಆಮೇಲೆ ಸವೆಯದ ಒಂದು ದವಡೆಹಲ್ಲು ತೆಗೆದುಕೊಂಡು, ಬೇರನ್ನು ಪ್ಲಾಸ್ಟರ್ ಗಟ್ಟಿಯಲ್ಲಿ ಕೂರಿಸಿದೆ. ಬರಿಗೈಯಲ್ಲಿ ಹಿಡಿದರೆ ಅರ ಜಾರುತ್ತದೆ, ಹಲ್ಲಿನ ಹೊರ ಹೊದಿಕೆಯಾದ ಎನಾಮಲ್ ಅಷ್ಟು ಗಟ್ಟಿ. ನೀರು ಹಾಕುತ್ತಾ, ಮಾಸ್ಕ್ ಹಾಕಿಕೊಂಡು, ಒಳಗಿನ ಹಳದಿ ಡೆಂಟಿನ್ ಕಾಣುವವರೆಗೆ ಉಜ್ಜಿದೆ. ಪೊಟ್ಯಾಷಿಯಂ ಪರ್ಮಾಂಗನೇಟ್ ನೀರಲ್ಲಿ ನೆನೆಸಿಟ್ಟಾಗ ಕಂದು ಬಣ್ಣ ಹಿಡಿಯಿತು. ದೂರದಿಂದ ನೋಡಿದರೆ ಬಹಳ ಹಳೆಯ ಹಲ್ಲು ಅಂತಲೇ ಅನಿಸುತ್ತದೆ.

ಈಗ ಎರಡನ್ನೂ ಪಕ್ಕದಲ್ಲಿಟ್ಟು ಭೂತಗನ್ನಡಿ ಹಿಡಿಯಬೇಕು. ಡೆಂಟಿನ್ ಎನಾಮಲ್‌ಗಿಂತ ಮೆದು. ಜಗಿದು ಸವೆದ ಹಲ್ಲಿನಲ್ಲಿ ಅದು ಬೇಗ ಕರಗಿ ಸಣ್ಣ ಬಟ್ಟಲಿನ ಹಾಗೆ ತಗ್ಗಾಗಿರುತ್ತದೆ. ಪ್ರೋಬ್ ಎಂಬ ಚೂಪು ಸಲಕರಣೆಯ ಮೊನೆಯನ್ನು ಮೆಲ್ಲಗೆ ಎಳೆದರೆ ಎನಾಮಲ್ ಅಂಚು ದಾಟಿದ ಕೂಡಲೇ ಅದು ಒಳಕ್ಕಿಳಿಯೋದು ಬೆರಳಿಗೆ ಗೊತ್ತಾಗುತ್ತದೆ. ಅರ ಹಾಕಿದ ಹಲ್ಲಿನಲ್ಲಿ ಮೊನೆ ಇಳಿಯೋದೇ ಇಲ್ಲ, ಎರಡೂ ಒಂದೇ ಮಟ್ಟ. ಅಂಚು ಚೂಪಾಗಿರುತ್ತದೆ. ಮೇಲೆ ಗೀರುಗಳು ಒಂದನ್ನೊಂದು ಅಡ್ಡಹಾಯ್ದಿರುತ್ತವೆ. ಪಿಲ್ಟ್‌ಡೌನ್ ಹಲ್ಲುಗಳಲ್ಲಿ ವೀನರ್ ಮತ್ತು ಅವರ ಜೊತೆಗಿದ್ದ ಅಂಗರಚನಾಶಾಸ್ತ್ರಜ್ಞ ಲೆ ಗ್ರೋ ಕ್ಲಾರ್ಕ್ ಕಂಡ ಗುರುತುಗಳು ಇವೇ.

ಇನ್ನೊಂದು ಗುರುತು ನನಗೆ ತುಂಬಾ ಇಷ್ಟ, ಯಾಕಂದ್ರೆ ಅದಕ್ಕೆ ಭೂತಗನ್ನಡಿಯೂ ಬೇಡ. ನಮ್ಮಲ್ಲಿ ಮೊದಲ ದವಡೆಹಲ್ಲು ಸುಮಾರು 6ನೇ ವರ್ಷಕ್ಕೆ ಹುಟ್ಟುತ್ತದೆ, ಎರಡನೆಯದು ಸುಮಾರು 12ಕ್ಕೆ. ಮೊದಲನೆಯದು ಅಷ್ಟು ವರ್ಷ ಜಾಸ್ತಿ ಜಗಿದಿರುತ್ತೆ, ಸವೆತವೂ ಜಾಸ್ತಿ ಇರಬೇಕು ಅಲ್ವಾ? ಪಿಲ್ಟ್‌ಡೌನ್‌ನಲ್ಲಿ ಎರಡೂ ಸಮಸಮ. ಅದೂ ಅಲ್ಲದೆ ಎರಡರ ಸವೆದ ಮುಖಗಳು ಬೇರೆ ಬೇರೆ ಕಡೆ ವಾಲಿದ್ದವು. ಒಂದೇ ಬಾಯಲ್ಲಿ ಅಕ್ಕಪಕ್ಕ ಕೂತು ಜಗಿದ ಹಲ್ಲುಗಳು ಹಾಗೆ ಸವೆಯೋದಿಲ್ಲ.

ಇಷ್ಟೆಲ್ಲ ಇದ್ದೂ ಸುಮಾರು 40 ವರ್ಷ ಹೇಗೆ ನಡೆಯಿತು ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಆಗ ಅದೇ ಹಲ್ಲಿನ ಪ್ಲಾಸ್ಟರ್ ಅಚ್ಚು ಮಾಡಿಸಿ ಕೈಗೆ ಕೊಡ್ತೀನಿ. ಅಚ್ಚಿನಲ್ಲಿ ಬಣ್ಣ ಇಲ್ಲ, ಎನಾಮಲ್ ಎಲ್ಲಿ ಮುಗಿಯಿತು ಡೆಂಟಿನ್ ಎಲ್ಲಿ ಶುರುವಾಯಿತು ಅನ್ನೋದು ಕಾಣೋದಿಲ್ಲ, ಸಣ್ಣ ಗೀರುಗಳೂ ಸರಿಯಾಗಿ ಮೂಡೋದಿಲ್ಲ. ಅಂದಿನ ಎಷ್ಟೋ ಸಂಶೋಧಕರಿಗೆ ಸಿಕ್ಕಿದ್ದು ಅಚ್ಚು ಮಾತ್ರ. ಮೂಲ ವಸ್ತುವನ್ನು ಪರೀಕ್ಷೆಗೆ ಕೊಡದೆ ಕಪಾಟಿನಲ್ಲಿ ಕಾಪಾಡಿದ್ದು ಮೋಸಗಾರನಿಗೆ ದೊಡ್ಡ ಉಪಕಾರವಾಯಿತು ಎಂದು ನಾನು ಖಡಾಖಂಡಿತವಾಗಿ ಹೇಳ್ತೀನಿ. ಹಾಗಂತ ಎಲ್ಲರೂ ನಂಬಿದ್ದರು ಅನ್ನೋದು ಸುಳ್ಳು. 1913ರಲ್ಲೇ ಅಂಗರಚನಾಶಾಸ್ತ್ರಜ್ಞ ಡೇವಿಡ್ ವಾಟರ್‌ಸ್ಟನ್ ಇದು ವಾನರನ ದವಡೆ ಎಂದು ಬರೆದಿದ್ದರು.

ಕೊನೆಯ ಪ್ರಯೋಗ ಕೋರೆಹಲ್ಲಿನದು. 1913ರಲ್ಲಿ ಡಾಸನ್ ಜೊತೆ ಅಗೆಯುತ್ತಿದ್ದ ಫ್ರೆಂಚ್ ಪಾದ್ರಿ ತೇಯಾರ್ ದ ಶಾರ್ದಾನ್‌ಗೆ ಆ ಗುಂಡಿಯಲ್ಲಿ ಸಿಕ್ಕ ಕೋರೆಹಲ್ಲು ಎಳೆಯದು, ಆದರೆ ಸವೆತ ಮಾತ್ರ ವಿಪರೀತ. ನಿಧಾನವಾಗಿ ಸವೆಯುವ ಹಲ್ಲಿನೊಳಗೆ ಹೊಸ ಡೆಂಟಿನ್ ಬೆಳೆದು ನರ, ರಕ್ತನಾಳಗಳಿರುವ ಪಲ್ಪ್ ಕೋಣೆ ಕಿರಿದಾಗುತ್ತದೆ. ಇದರಲ್ಲಿ ಕೋಣೆ ಎಳೆ ಹಲ್ಲಿನಂತೆಯೇ ಅಗಲವಾಗಿತ್ತು, ಒಳಗೆ ಮರಳು ಕಾಳುಗಳಿದ್ದವು. ಇದನ್ನು ತೋರಿಸಲು ಹಲ್ಲಿಗೆ ಕ್ಲಿಪ್ ಹಾಕುವ ಮುಂಚೆ ಮಕ್ಕಳಿಂದ ಕಿತ್ತ ಪ್ರಿಮೋಲಾರ್ (ಕೋರೆಹಲ್ಲಿಗೂ ದವಡೆಹಲ್ಲಿಗೂ ನಡುವಿನ ಹಲ್ಲು) ಬಳಸ್ತೀನಿ. ಉಜ್ಜಿ ಎಕ್ಸ್‌ರೇ ತೆಗೆದರೆ ಸವೆದ ಮುಖದ ಕೆಳಗೇ ದೊಡ್ಡ ಪಲ್ಪ್ ಕೋಣೆ ಕಪ್ಪಗೆ ಕಾಣುತ್ತದೆ. ಪಕ್ಕದಲ್ಲಿ ಅಡಿಕೆ ಜಗಿದವರ ಹಲ್ಲಿನ ಎಕ್ಸ್‌ರೇ ಇಡಿ, ಅದರಲ್ಲಿ ಕೋಣೆ ಗೆರೆಯಷ್ಟಾಗಿರುತ್ತದೆ. ಯಾವುದು ಅರದ್ದು, ಯಾವುದು ಅಡಿಕೆಯದು ಎಂದು ಮೊದಲ ವರ್ಷದವರೂ ಹೇಳಿಬಿಡುತ್ತಾರೆ.